ಮಾವನ ದನಿಗೊಂದು ಕೋಡೆಕ್

ಕಂಪ್ಯೂಟರ್ ಪಾಠದ ಟೀಚರ್ ಬುರುಲ್ ತನ್ನ ಶಾಲೆಯ ಕಂಪ್ಯೂಟರುಗಳಿಗೆಲ್ಲ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಅದರ ಮೇಲೆ ಲಿಬ್ರೆ ಆಫೀಸ್ ಕೂರಿಸಿದ ದಿನದಿಂದ ಮೆಲಿಸನ ಬಾಯಿಗೆ ಬಿಡುವೇ ಇರಲಿಲ್ಲ. ಮೆಲಿಸ್ ಅದೇ ಶಾಲೆಯ ವ್ಯಾಯಾಮದ ಮೇಷ್ಟ್ರು, ಬುರುಲಳ ಗಂಡ ಕುಬಾತನ ಚಿಕ್ಕಪ್ಪನ ಮಗ. ಮೇಲಾಗಿ ಕಿರ್ಗಿಜರ ನಾಡಿನ ನಮ್ಮ ಕೋಕ್-ತಾಷ್ ಊರಿನ ಸುತ್ತಮುತ್ತ ಯಾವ ಮನೆಯಲ್ಲಿ ಮದುವೆ ಮುಂಜಿ ನಡೆದರೂ ಮೈಕು ಹಿಡಿದು ಸಭೆ ನಡೆಸುವ ತಮಾದಾ ಅವನೇ. ಮೈದುನನಾದವನಿಗೆ ಅತ್ತಿಗೆಯನ್ನು ಕೆಣಕುವ ಹಕ್ಕು ನಮ್ಮಲ್ಲಿ ಹುಟ್ಟಿನಿಂದಲೇ ಬಂದಿರುತ್ತದೆ. ಮೆಲಿಸ್ ಆ ಹಕ್ಕನ್ನು ಒಂದು ದಿನವೂ ದಂಡ ಮಾಡಿದವನಲ್ಲ.

"ಏನತ್ತಿಗೆ, ನಿಮ್ಮ ಪುಕ್ಕಟೆ ಆಫೀಸು ಇವತ್ತಾದ್ರೂ ಬಾಯಿ ಬಿಡ್ತೋ?" ಎಂದು ಅವನು ದಿನಾ ಬೆಳಿಗ್ಗೆ ಕೇಳುತ್ತಿದ್ದ. ಬುರುಲ್ ಇಂಥದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಕದ್ದ ತಂತ್ರಾಂಶ ಹಾಕಿಕೊಂಡ ಮೆಲಿಸನ ಲ್ಯಾಪ್‌ಟಾಪು ಹಿಂದೊಮ್ಮೆ ಒಂದು ತಿಥಿಯೂಟದಲ್ಲಿ, ಸತ್ತವರ ಫೋಟೋ ತೋರಿಸುತ್ತಿರುವಾಗಲೇ, ಬೊಜ್ಜು ಕರಗಿಸುವ ಚಹಾದ ಜಾಹೀರಾತನ್ನು ಗೋಡೆಯಗಲ ಬಿಚ್ಚಿಟ್ಟಿತ್ತು. ವಿಧವೆಯ ಮುಂದೆ ಹೊಟ್ಟೆ ತೋರಿಸಿಕೊಂಡು ನಿಂತ ಆ ಜಾಹೀರಾತಿನ ಹೆಂಗಸನ್ನು ಊರು ಇನ್ನೂ ಮರೆತಿರಲಿಲ್ಲ. ಮೆಲಿಸ್ ತೀರ ಅತಿಯಾಡಿದ ದಿನ ಬುರುಲ್ "ಚಹಾ ಹೇಗಿದೆ ಮೈದುನಪ್ಪ?" ಎಂದಷ್ಟೇ ಕೇಳುತ್ತಿದ್ದಳು. ಅವನು ಸೀಟಿ ಊದುತ್ತ ಮೈದಾನಕ್ಕೆ ಹೋಗಿಬಿಡುತ್ತಿದ್ದ.

ಆದರೆ ಈ ಸಲದ ಕೆಲಸ ಶಾಲೆಯದಲ್ಲ, ಮನೆಯದು. ಬುರುಲಳ ಮಗಳು ಆಯ್ಜಿರೆಕ್‌ಗೆ ತಲಾಸ್ ಕಡೆಯ ಹುಡುಗ ಗೊತ್ತಾಗಿದ್ದ. ಹುಡುಗಿಯನ್ನು ತವರಿನಿಂದ ಕಳಿಸಿಕೊಡುವ ದಿನ ಮನೆಯ ಹಿರಿಯ ಅಂಗೈ ತೆರೆದು ಬಾತಾ, ಅಂದರೆ ಹರಸುವ ಮಾತು, ಹೇಳಬೇಕು. ಬಾತಾ ಆಗದೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಆ ಮನೆಯ ಹಿರಿಯ ಬುರುಲಳ ಮಾವ ತಾಷ್ತನ್. ಸುತ್ತಲ ಕಣಿವೆಯಲ್ಲೆಲ್ಲ ಅವರ ಬಾತಾ ಎಂದರೆ ಹೆಸರುವಾಸಿ. ಬೇರೆ ಮುದುಕರು ಉರುಹೊಡೆದದ್ದನ್ನು ಒಪ್ಪಿಸಿದರೆ ಇವರು ಎದುರಿಗಿದ್ದವರ ಮುಖ ನೋಡಿ ಅಲ್ಲೇ ಕಟ್ಟಿ ಹೇಳುತ್ತಿದ್ದರು. ಹೋದ ಚಳಿಗಾಲ ಗಂಟಲಿನ ಹುಣ್ಣಿಗೆಂದು ರಾಜಧಾನಿಯ ಆಸ್ಪತ್ರೆಯಲ್ಲಿ ಕತ್ತರಿ ಹಾಕಿಸಿಕೊಂಡು ಬಂದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ದನಿ ಹೋಗುವುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನು ಕೇಳಿ ಮುದುಕರು ಅಳಲಿಲ್ಲ, ಆಸ್ಪತ್ರೆಗೆ ಹೊರಡುವ ಮುಂಚೆ ಹೊಸ ಬಿಳಿ ಕಾಲ್ಪಾಕ್ ಟೊಪ್ಪಿಗೆ ಇಟ್ಟುಕೊಂಡು ಕೂತು, ಕಿರಿಮಗ ಮಿರ್ಲಾನನ ಫೋನಿನ ಮುಂದೆ ಮೊಮ್ಮಗಳ ಮದುವೆಯ ಬಾತಾ ಹೇಳಿ ಮುಗಿಸಿದರು. ಆಗಿನ್ನೂ ಆಯ್ಜಿರೆಕ್‌ಗೆ ಗಂಡೇ ಗೊತ್ತಾಗಿರಲಿಲ್ಲ. "ಗಂಡು ಯಾರಾದ್ರೂ ಬರಲಿ, ಹುಡುಗಿ ನಂದಲ್ವಾ" ಎಂದರಂತೆ. ಮಿರ್ಲಾನ್ ಆ ವಿಡಿಯೋಗೆ ಅಪ್ಪನ ಹೆಸರನ್ನೇ ಇಟ್ಟು ಅತ್ತಿಗೆಗೆ ಕಳಿಸಿ, ತಾನು ದೂರದ ಕಜಾನ್ ಪಟ್ಟಣಕ್ಕೆ ಕೆಲಸಕ್ಕೆ ಹೋದ.

ಈಗ ಮುದುಕರ ಮನಸ್ಸಿನಲ್ಲಿದ್ದದ್ದು ಅದೊಂದೇ. ತಮಗಿಂತ ಕಿರಿಯರು ತಮ್ಮ ಬದಲು ಬಾತಾ ಹೇಳಲು ಅವರು ಕೈಸನ್ನೆಯಿಂದ ಅಪ್ಪಣೆ ಕೊಡಬಹುದಿತ್ತು. ಕುಬಾತ್ ಕೇಳಿಯೂ ನೋಡಿದ. ಮುದುಕರು ತೋರುಬೆರಳಿನಿಂದ ತಮ್ಮ ಎದೆ ಮುಟ್ಟಿಕೊಂಡು, ಅದೇ ಬೆರಳನ್ನು ಸೊಸೆಯ ಕಡೆ ತೋರಿಸಿದರು. ನನ್ನ ದನಿ ಅವಳ ಹತ್ತಿರ ಇದೆ ಎಂದು ಅದರ ಅರ್ಥ.

ಬುರುಲ್ ಶಾಲೆಯ ಲ್ಯಾಪ್‌ಟಾಪಿನಲ್ಲಿ ಸ್ಲೈಡುಗಳನ್ನು ಜೋಡಿಸತೊಡಗಿದಳು. ತೊಟ್ಟಿಲಲ್ಲಿರುವ ಆಯ್ಜಿರೆಕ್, ತಾತನ ಕುದುರೆಯ ಮೇಲೆ ಆಯ್ಜಿರೆಕ್, ಹಲ್ಲು ಬಿದ್ದ ಆಯ್ಜಿರೆಕ್, ಕೊನೆಯ ಸ್ಲೈಡಿನಲ್ಲಿ ತಾತನ ಬಾತಾ. ವಿಡಿಯೋ ಸೇರಿಸಿ ಗುಂಡಿ ಒತ್ತಿದರೆ ಬೂದು ಬಣ್ಣದ ಚೌಕ ಬಂತೇ ಹೊರತು ಮಾವ ಬರಲಿಲ್ಲ. ಬೇರೆ ಪ್ಲೇಯರಿನಲ್ಲಿ ನೋಡೋಣವೆಂದರೆ ಆ ಲ್ಯಾಪ್‌ಟಾಪಿನಲ್ಲಿ ಅಂಥದೇನೂ ಇರಲಿಲ್ಲ. ಹುಡುಗರು ಪಾಠದ ನಡುವೆ ಕುಸ್ತಿ ನೋಡುತ್ತಾರೆಂದು ಮುಖ್ಯೋಪಾಧ್ಯಾಯಿನಿ ಕುಲಿಪಾ ಅಕ್ಕ ಗದರಿದ್ದರಿಂದ, ವಿಡಿಯೋ ತೋರಿಸುವ ಪ್ರತಿಯೊಂದನ್ನೂ, ಬ್ರೌಸರನ್ನೂ ಬಿಡದೆ, ಬುರುಲಳೇ ತನ್ನ ಕೈಯಾರೆ ಕಿತ್ತುಹಾಕಿದ್ದಳು. ಕಿತ್ತುಹಾಕುವಾಗ ಆಕೆಗೆ ಎಷ್ಟು ಹುರುಪಿತ್ತೆಂದರೆ ಬೇಕಾದದ್ದೂ ಬೇಡವಾದದ್ದೂ ಒಟ್ಟಿಗೇ ಗುಡಿಸಿಹೋಗಿತ್ತು.

ಲಿಬ್ರೆ ಆಫೀಸಿಗೆ ತಾನಾಗಿ ವಿಡಿಯೋ ನಡೆಸಲು ಬರುವುದಿಲ್ಲ. ಅದು ಆ ಕೆಲಸವನ್ನು ಜಿಸ್ಟ್ರೀಮರ್ ಎಂಬ ಇನ್ನೊಂದು ತಂತ್ರಾಂಶದ ತಲೆಗೆ ಕಟ್ಟುತ್ತದೆ. ಫೋನಿನ ವಿಡಿಯೋವನ್ನು ಗಂಟು ಬಿಚ್ಚಿ ಓದಲು ಜಿಸ್ಟ್ರೀಮರಿಗೆ ಕೋಡೆಕ್ ಎಂಬ ಸಣ್ಣ ಸಣ್ಣ ತುಣುಕುಗಳು ಬೇಕು, ಚಿತ್ರಕ್ಕೆ ಒಂದು, ದನಿಗೆ ಇನ್ನೊಂದು. ಬುರುಲ್ ಮೊದಲು ಸಿಕ್ಕ ತುಣುಕನ್ನು ಹಾಕಿ, ಆಫೀಸನ್ನು ಮುಚ್ಚಿ ತೆರೆದು, ಶಿಕ್ಷಕರ ಕೋಣೆಯಲ್ಲಿ ಚಹಾದ ಹೊತ್ತಿಗೆ ಒತ್ತಿ ನೋಡಿದಳು.

ಮಾವ ಪರದೆಯ ಮೇಲೆ ಮೂಡಿ ಎರಡೂ ಅಂಗೈಗಳನ್ನು ಮೇಲೆತ್ತಿ ತೆರೆದರು. ಅಷ್ಟೇ ಸಾಕಾಯಿತು. ಎಣ್ಣೆಯಲ್ಲಿ ಕರಿದ ಬೂರ್ಸೋಕ್ ತುಂಡನ್ನು ಬಾಯಿಗಿಟ್ಟಿದ್ದ ಗಣಿತದ ಮೇಷ್ಟ್ರು ಅದನ್ನು ಕೆನ್ನೆಗೆ ಒತ್ತರಿಸಿ ಅಂಗೈ ತೆರೆದರು. ಕುಲಿಪಾ ಅಕ್ಕ ಹಾಜರಿ ಕೂಗುತ್ತಿದ್ದವರು ನಿಲ್ಲಿಸಿ ಅಂಗೈ ತೆರೆದರು. ಹಿರಿಯರು ಬಾತಾಕ್ಕೆ ಕೈಯೆತ್ತಿದ ಮೇಲೆ ಕೈಯೆತ್ತದೆ ಕೂರುವ ಕಿರ್ಗಿಜನನ್ನು ನಾನಂತೂ ಕಂಡಿಲ್ಲ. ಪರದೆಯ ಮೇಲೆ ಮುದುಕರ ತುಟಿ ಆಡಿತು, ದನಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಚಿತ್ರವೂ ಅಲ್ಲಾಡದೆ ನಿಂತಿತು.

ಈಗ ಕೈ ಇಳಿಸುವುದು ಹೇಗೆ? ತೆರೆದ ಅಂಗೈಯನ್ನು 'ಓಮಿಯಿನ್', ಹಾಗೇ ಆಗಲಿ, ಎಂದು ಮುಖಕ್ಕೆ ಸವರಿಕೊಂಡು ಮುಗಿಸಬೇಕೇ ಹೊರತು ಬರಿದೇ ಇಳಿಸುವಂತಿಲ್ಲ. ಓಮಿಯಿನ್ ಅನ್ನಬೇಕಾದ ಮುದುಕರು ಪರದೆಯ ಮೇಲೆ ಬಾಯಿ ಅರ್ಧ ತೆರೆದು ಕಲ್ಲಾಗಿ ಕೂತಿದ್ದರು.

"ಬುರುಲ್, ಮುಗಿಸಮ್ಮ. ಗಂಟೆ ಹೊಡೀತು" ಎಂದರು ಕುಲಿಪಾ ಅಕ್ಕ, ಕೈಗಳು ಹಾಗೆಯೇ.

"ನನ್ನ ಕೈಲಿಲ್ಲ ಅಕ್ಕ, ಕೋಡೆಕ್ ಸಾಲ್ದು" ಎಂದಳು ಬುರುಲ್. ಅವಳ ಕೈಗಳೂ ಮೇಲೇ ಇದ್ದವು, ಇಳಿಸದೆ ಗುಂಡಿ ಒತ್ತುವಂತಿರಲಿಲ್ಲ. ಕಡೆಗೆ ರಸಾಯನದ ಹಿರಿಯ ಮೇಷ್ಟ್ರು ತಾವೇ ಹೊಣೆ ಹೊತ್ತು ಓಮಿಯಿನ್ ಎಂದರು. ಎಲ್ಲರೂ ಮುಖ ಸವರಿಕೊಂಡು ತರಗತಿಗೆ ಓಡಿದರು. ಬಾಗಿಲಲ್ಲಿ ನಿಂತಿದ್ದ ಮೆಲಿಸ್ ಮಾತ್ರ ಹಲ್ಲು ಕಿರಿದು, "ದೊಡ್ಡಪ್ಪನಿಗೇ ದನಿ ಇಲ್ಲ, ಅವರ ವಿಡಿಯೋಗೂ ಇಲ್ದಂಗೆ ಮಾಡಿದ್ರಲ್ಲ ಅತ್ತಿಗೆ" ಎಂದ. ಅಂದ ಮೇಲೆ ತಾನಂದದ್ದು ಹೆಚ್ಚಾಯಿತೆಂದು ಅವನಿಗೇ ತಿಳಿದು ಮುಖ ಸಣ್ಣದಾಯಿತು. ಬುರುಲ್ ಆ ದಿನ ಚಹಾದ ಮಾತು ಎತ್ತಲಿಲ್ಲ.

ಮುಂದಿನ ದಿನಗಳಲ್ಲಿ ಅವಳು ನಕ್ಷೆಗಳನ್ನಿಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪರೀಕ್ಷೆ ನಡೆಸಿದಳು. ಒಂದು ತುಣುಕು ಹಾಕಿದರೆ ದನಿ ಬಂದು ಚಿತ್ರ ಹೋಗುತ್ತಿತ್ತು. ಇನ್ನೊಂದು ಹಾಕಿದರೆ ಎರಡೂ ಬಂದು ಮಾವ ಕೆರೆಯ ತಳದಿಂದ ಮಾತಾಡಿದಂತೆ ಕೇಳುತ್ತಿತ್ತು. ಪ್ರತಿ ಸಲವೂ ಅವಳು ಒಬ್ಬಳೇ ಅಂಗೈ ತೆರೆದು ಕೂರುತ್ತಿದ್ದಳು. ಸರಿಯಾದ ತುಣುಕು ಸಿಕ್ಕಿ ಮಾವನ ದನಿ ಮೊದಲಿನ ಗಡಸಿನಲ್ಲಿ, ಮಧ್ಯೆ ಒಂದು ಕೆಮ್ಮಿನ ಸಮೇತ ಕೇಳಿಸಿದಾಗ ಬುರುಲ್ ಬಿಕ್ಕಿ ಬಿಕ್ಕಿ ಅತ್ತಳು. ಮನೆಯಲ್ಲಿ ಆ ಕೆಮ್ಮು ನಿಂತು ಎಷ್ಟು ತಿಂಗಳಾಗಿತ್ತೆಂಬುದು ಆಗಲೇ ಅವಳಿಗೆ ಹೊಳೆದದ್ದು.

ವಿಡಿಯೋ ದೊಡ್ಡದು, ಲ್ಯಾಪ್‌ಟಾಪು ಮುದಿ. ಸ್ಲೈಡಿನ ಹೊಟ್ಟೆಯೊಳಗೇ ತುರುಕಿದರೆ ಏದುಸಿರು ಬಿಡುತ್ತಿತ್ತು. ಆದ್ದರಿಂದ ಅವಳು ವಿಡಿಯೋವನ್ನು ಹೊರಗೇ ಇಟ್ಟು, ಸ್ಲೈಡಿನಿಂದ ಅದಕ್ಕೊಂದು ಕೊಂಡಿ ಮಾತ್ರ ಹಾಕಿದಳು. ಇಂಥ ಹೆಸರಿನ ಕಡತ ಪಕ್ಕದಲ್ಲಿದೆ, ಅದನ್ನು ತೋರಿಸು ಎಂದು ಸ್ಲೈಡಿಗೆ ಹೇಳಿಟ್ಟ ಹಾಗೆ. ಎಲ್ಲವೂ ಸುಸೂತ್ರವಾಗಿ ನಡೆಯಿತು.

ನಡೆಯದೇ ಹೋದದ್ದು ಮದುವೆಯ ಬೆಳಿಗ್ಗೆ. ನಮ್ಮ ಕಡೆ ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ. ಈಗಿನ ಹುಡುಗಿಯರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ, ಆದರೆ ಬುರುಲ್ ಬಿಟ್ಟಿರಲಿಲ್ಲ. ಅವಳ ಅತ್ತೆ ಕಾನಿಂಬುಬು ಇವತ್ತಿಗೂ ಗಂಡನನ್ನು "ನಮ್ಮವರು" ಎನ್ನುವುದು ಬಿಟ್ಟು ಇನ್ನೊಂದು ಹೆಸರಿನಿಂದ ಕರೆದವರಲ್ಲ, ಸೊಸೆಯೂ ಅದೇ ಜಾಡು ಹಿಡಿದಿದ್ದಳು. ಮಿರ್ಲಾನ್ ಇಟ್ಟ ಹೆಸರು ಅಷ್ಟು ದಿನವೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಆ ಕಡತವನ್ನು ಒತ್ತುವಾಗೆಲ್ಲ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಒತ್ತುತ್ತಿದ್ದಳು. ಇಂದು ಇದೇ ಪರದೆ ಇಡೀ ನೆಂಟರ ಮುಂದೆ ಗೋಡೆಯ ಮೇಲೆ ಬೀಳುತ್ತದೆ, ಮಾವನ ಹೆಸರು ಬೋಳು ಬೋಳಾಗಿ ಸೊಸೆಯ ಕಂಪ್ಯೂಟರಿನಲ್ಲಿ ಬಿದ್ದಿರುವುದನ್ನು ತಲಾಸಿನ ಬೀಗರೂ ನೋಡುತ್ತಾರೆ ಎನಿಸಿತು. ತಲೆಗೆ ಸ್ಕಾರ್ಫು ಕಟ್ಟಿಕೊಳ್ಳುತ್ತಲೇ ಅವಳು ಆ ಹೆಸರನ್ನು ಅಳಿಸಿ 'ಅತಾ', ಅಂದರೆ ಅಪ್ಪ, ಎಂದು ಬರೆದು ಲ್ಯಾಪ್‌ಟಾಪು ಮುಚ್ಚಿದಳು. ಮಕ್ಕಳಿಗೆ ಕೊಂಡಿಯ ಪಾಠವನ್ನು ವರ್ಷವಿಡೀ ಹೇಳಿಕೊಡುವವಳು ಅವಳೇ. ಆ ಬೆಳಿಗ್ಗೆ ಅವಳು ಟೀಚರಾಗಿರಲಿಲ್ಲ, ಸೊಸೆಯಾಗಿದ್ದಳು, ಅಷ್ಟೇ.

ಸಭಾಂಗಣ ತುಂಬಿಹೋಗಿತ್ತು. ಬೆಷ್‌ಬರ್ಮಾಕ್ ಬಡಿಸಿ ಆಗಿತ್ತು, ಕುರಿಯ ತಲೆ ಯಾರ ಮುಂದಿಡಬೇಕೋ ಅವರ ಮುಂದಿಟ್ಟಾಗಿತ್ತು. ಎದುರಿನ ಗೌರವದ ಜಾಗದಲ್ಲಿ ತಾಷ್ತನ್ ಮುದುಕರು ಕೊರಳಿಗೆ ರೇಷ್ಮೆಯ ವಸ್ತ್ರ ಸುತ್ತಿಕೊಂಡು ಕೂತಿದ್ದರು, ಪಕ್ಕದಲ್ಲಿ ಕಾನಿಂಬುಬು. ಬೀಗರ ಕಡೆಯ ಮುದುಕರೊಬ್ಬರು ದಾರಿ ದೂರ, ಕತ್ತಲಾಗುವ ಮುಂಚೆ ಕಣಿವೆ ದಾಟಬೇಕು ಎಂದು ಕೂತಲ್ಲೇ ಚಡಪಡಿಸುತ್ತಿದ್ದರು. ಫೋಟೋಗಳೆಲ್ಲ ಚೆನ್ನಾಗಿ ಬಂದವು. ಹಲ್ಲು ಬಿದ್ದ ಆಯ್ಜಿರೆಕ್‌ಗೆ ಚಪ್ಪಾಳೆ ಬಿತ್ತು. ಮೆಲಿಸ್ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದರಿಂದ ಗುಂಡಿ ಒತ್ತುತ್ತ, ದನಿಯನ್ನು ಆದಷ್ಟು ತಗ್ಗಿಸಿ ಗಂಭೀರ ಮಾಡಿಕೊಂಡು, ಈಗ ನಮ್ಮ ಕಣಿವೆಯ ಹಿರಿಯರ ಬಾತಾ ಎಂದು ಸಾರಿದ.

ಸಭೆಯ ಅಷ್ಟೂ ಜನ ಅಂಗೈ ತೆರೆದರು. ಮೆಲಿಸ್ ಮೈಕನ್ನು ಕಂಕುಳಿಗೆ ಸಿಕ್ಕಿಸಿ ತಾನೂ ತೆರೆದ. ಗೋಡೆಯ ಮೇಲೆ ಬೂದು ಬಣ್ಣದ ಚೌಕ ಮೂಡಿತು.

ಮೂಡಿತು, ಅಲ್ಲೇ ನಿಂತಿತು. ಕೂಸೊಂದು ಅತ್ತಿತು, ಅದರ ತಾಯಿ ಅಂಗೈ ತೆರೆದುಕೊಂಡೇ ಅದನ್ನು ಮೊಣಕಾಲಿನಿಂದ ತೂಗಿದಳು. ಬುರುಲ್ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತವಳು ಅದನ್ನು ಅಲ್ಲೇ ಯಾರದೋ ತೊಡೆಯ ಮೇಲಿಟ್ಟು, ಮೇಜುಗಳ ನಡುವೆ ನುಸುಳಿ ಓಡಿದಳು.

"ಏನ್ ಮಾಡಿದೆ?" ಎಂದಳು ಮೆಲಿಸನಿಗೆ, ಸದ್ದಿಲ್ಲದೆ.

"ನಾನೇನೂ ಮಾಡ್ಲಿಲ್ಲ ಅತ್ತಿಗೆ. ನೀವ್ ಹೇಳ್ದಂಗೆ ಒತ್ತಿದೆ, ದೇವರಾಣೆ." ಕೆಣಕುವುದು ಅವನಿಗೂ ಮರೆತುಹೋಗಿತ್ತು.

ಅವಳು ಸ್ಲೈಡನ್ನು ನಿಲ್ಲಿಸಿದಳು. ಕಡತಗಳ ಸಾಲು ಗೋಡೆಯ ಮೇಲೆ ಬಂತು. 'ಅತಾ' ಎಂಬುದನ್ನು ಕಂಡದ್ದೇ ತಡ, ತಾನು ಬೆಳಿಗ್ಗೆ ಮಾಡಿದ ಘನಂದಾರಿ ಕೆಲಸ ಅವಳಿಗೆ ಅರ್ಥವಾಯಿತು. ಸ್ಲೈಡು ಪಾಪ ಮಾವನನ್ನು ಹೆಸರು ಹಿಡಿದು ಹುಡುಕುತ್ತಿತ್ತು, ಆ ಹೆಸರಿನವರು ಅಲ್ಲಿರಲಿಲ್ಲ. ಬೇರೆ ದಾರಿ ಇರಲಿಲ್ಲವೆಂದಲ್ಲ. ಚೌಕವನ್ನು ತೆಗೆದುಹಾಕಿ, ಮೆನು ಹುಡುಕಿ, ವಿಡಿಯೋವನ್ನು ಹೊಸದಾಗಿ ಸೇರಿಸಬಹುದಿತ್ತು. ಆದರೆ ಸಭೆಯ ತುಂಬ ಕೈಗಳು ಗಾಳಿಯಲ್ಲಿದ್ದವು, ಅವುಗಳಲ್ಲಿ ಅರ್ಧ ಮುದುಕರವು. ಬೀಗರ ಕಡೆಯ ಆ ಮುದುಕರ ಮೊಣಕೈ ಆಗಲೇ ನಡುಗುತ್ತಿತ್ತು. ಎಲ್ಲಕ್ಕಿಂತ ಬೇಗನೆ ಆಗುವುದೆಂದರೆ ಹಳೆಯ ಹೆಸರನ್ನು ವಾಪಸು ಬರೆಯುವುದು. ಕಿರ್ಗಿಜರ ಲಿಪಿಯಲ್ಲಿ ಆರೇ ಅಕ್ಷರ.

ಮೆಲಿಸ್ ಬರೆಯಲೆಂದು ಅವನ ಮುಖ ನೋಡಿದಳು. ಅವನು ತೆರೆದ ಅಂಗೈಗಳನ್ನೇ ಅಡ್ಡಡ್ಡ ಆಡಿಸಿದ. ಅಪರಿಚಿತ ಲ್ಯಾಪ್‌ಟಾಪಿನಲ್ಲಿ ಈ ಹೊತ್ತಿನಲ್ಲಿ ಏನಾದರೂ ಮುಟ್ಟಲು ಅವನಿಗೆ ಧೈರ್ಯವಿರಲಿಲ್ಲ. ಬುರುಲ್ ಕೀಲಿಮಣೆಯ ಮೇಲೆ ಬೆರಳಿಟ್ಟಳು, ಬೆರಳು ಇಳಿಯಲಿಲ್ಲ. ಗೋಡೆಯಲ್ಲಿ ಹೆಸರು ಬರೆಯಬೇಕಾದ ಖಾಲಿ ಜಾಗದೊಳಗೆ ಗೆರೆಯೊಂದು ಮಿಣುಕುತ್ತ ಕಾಯುತ್ತಿತ್ತು. ಹಿರಿಯರಿಗೆ ಬೆನ್ನು ಹಾಕಿ ನಿಂತದ್ದೇ ಒಂದು ತಪ್ಪು, ಈಗ ಅವರೆಲ್ಲರೆದುರು ಆಳೆತ್ತರದ ಅಕ್ಷರಗಳಲ್ಲಿ ಮಾವನ ಹೆಸರು ಬರೆಯಬೇಕು. ಅವಳು ತಿರುಗಿ ಮಾವನನ್ನು ನೋಡಿದಳು.

ಮುದುಕರು ಎಲ್ಲರಂತೆ ಅಂಗೈ ತೆರೆದು ಕೂತಿದ್ದರು. ಸೊಸೆಯ ಮುಖ, ಗೋಡೆಯ ಮೇಲಿನ ಖಾಲಿ ಜಾಗ, ಮತ್ತೆ ಸೊಸೆಯ ಮುಖ ನೋಡಿದರು. ಬೆಳಿಗ್ಗೆ ಆದದ್ದೇನೆಂದು ಅವರಿಗೆ ಪೂರ್ತಿ ತಿಳಿಯಿತೋ ಇಲ್ಲವೋ, ಅವಳಿಗೆ ಯಾವುದು ಅಡ್ಡ ಬಂದಿದೆ ಎಂಬುದಂತೂ ತಿಳಿಯಿತು. ಅವರು ಮೆಲ್ಲಗೆ ಎರಡೂ ಕಣ್ಣು ಮುಚ್ಚಿಕೊಂಡರು.

ನೋಡದೇ ಇದ್ದದ್ದು ನಡೆದೇ ಇಲ್ಲ ಎಂಬುದು ದೊಡ್ಡ ಮನಸ್ಸಿನವರ ಲೆಕ್ಕ. ಕಾನಿಂಬುಬು ಗಂಡನನ್ನು ನೋಡಿದರು, ಸಭೆಯನ್ನು ನೋಡಿದರು.

"ಎಲ್ಲಾರೂ ಕಣ್ ಮುಚ್ಕೊಳಿ" ಎಂದರು ಅವರು, ಕುರಿ ಮಂದೆಯನ್ನು ಅದಟಿಸುವ ದನಿಯಲ್ಲಿ. "ನನ್ ಸೊಸೆ ಬರೀಬೇಕು. ನೀವೂನೂ ಬೀಗ್ರೇ. ಮೆಲಿಸ್, ನಿಂಗ್ ಬೇರೆ ಹೇಳ್ಬೇಕೇನೋ?"

ಕೈಗಳು ಮೇಲಿದ್ದಂತೆಯೇ ಕಣ್ಣುಗಳೆಲ್ಲ ಮುಚ್ಚಿದವು. ಬುರುಲ್ ತಿರುಗಿ ಬರೆದಳು. ಗಡಿಬಿಡಿಯಲ್ಲಿ ಕೀಲಿಮಣೆಯನ್ನು ನಮ್ಮ ಲಿಪಿಗೆ ಬದಲಿಸಿರಲಿಲ್ಲವಾದ್ದರಿಂದ ಗೋಡೆಯ ಮೇಲೆ ಯಾವ ಭಾಷೆಯಲ್ಲೂ ಇಲ್ಲದ ಲ್ಯಾಟಿನ್ ಅಕ್ಷರಗಳು ಮೂಡಿದವು. ಇಡೀ ಆಯುಷ್ಯದಲ್ಲಿ ಒಮ್ಮೆಯೂ ಹೇಳದ ಹೆಸರನ್ನು ಒಂದೇ ಗಳಿಗೆಯಲ್ಲಿ ಎರಡು ಸಲ ಬರೆಯುವ ಹಣೆಬರಹ ಅವಳದು. ಅಳಿಸಿ, ಲಿಪಿ ಬದಲಿಸಿ, ಮತ್ತೆ ಬರೆದಳು. ತಾಷ್ತನ್. ಸ್ಲೈಡನ್ನು ಮುಚ್ಚಿ ತೆರೆದಳು. ಮುದಿ ಲ್ಯಾಪ್‌ಟಾಪು ಯೋಚನೆಗೆ ಬಿತ್ತು, ಸಭೆಯಲ್ಲಿ ಯಾರೋ ನರಳಿದರು.

ಆಮೇಲೆ ಆ ಗಡಸು ದನಿ ಸಭಾಂಗಣದ ತುಂಬ ಕೇಳಿಸಿತು.

"ನನ್ ಮಗೂ, ಹೋದ್ ಮನೇಲಿ ನಿನ್ ಒಲೆ ಆರದೇ ಇರ್ಲಿ. ಬಾಗಿಲಿಗೆ ಬಂದೋರು ಬರಿಹೊಟ್ಟೇಲಿ ಹೋಗದೇ ಇರ್ಲಿ. ಅತ್ತೆ ಮಾತಿಗೆ ಒಂದ್ ಕಿವಿ ಕೊಡು, ಇನ್ನೊಂದು ನಿನ್ ಹತ್ರಾನೇ ಇಟ್ಕೊ. ನಿನ್ನ ನಗಿಸ್ದೇ ಇರೋ ಗಂಡನ್ನ ದೇವ್ರು ನಿಂಗ್ ಕೊಟ್ಟಿರಲ್ಲ ಅಂದ್ಕೊಂಡಿದೀನಿ, ಕೊಟ್ಟಿದ್ರೆ ಅವನನ್ನ ನಗೋದ್ ಕಲಿಸು." ಇಲ್ಲೊಂದು ಕೆಮ್ಮು. "ತವರು ನೆನಪಾದ್ರೆ ಅಳ್ಬೇಡ, ಬಂದ್ಬಿಡು. ಬಾಗ್ಲು ನಂದು. ಓಮಿಯಿನ್."

ಕಣ್ಣು ಮುಚ್ಚಿದ್ದವರಿಗೆ ಆ ದನಿ ಗೋಡೆಯಿಂದ ಬಂದಂತೆ ಕೇಳಲಿಲ್ಲ, ಎದುರಿನ ಗೌರವದ ಜಾಗದಿಂದಲೇ, ಮುದುಕರ ಬಾಯಿಂದಲೇ ಬಂದಂತೆ ಕೇಳಿಸಿತು. ಅನೇಕರು ಆಮೇಲೆ ಹಾಗೆಂದೇ ಆಣೆ ಮಾಡಿ ಹೇಳಿದರು. ಎಲ್ಲರೂ ಮುಖ ಸವರಿಕೊಂಡರು, ಸವರಿಕೊಂಡ ಕೈಗಳು ಒದ್ದೆಯಾಗಿದ್ದವು. ಬುರುಲ್ ಸಭೆಗೆ ಬೆನ್ನು ಹಾಕಿಯೇ ನಿಂತು ಅತ್ತಳು.

ಆಯ್ಜಿರೆಕ್ ಎದ್ದು ತಾತನ ಭುಜಕ್ಕೆ ಹಣೆ ಒತ್ತಿ, ಎಲ್ಲರಿಗೂ ಬಾಗಿ, ಬಾಗಿಲ ಕಡೆ ನಡೆದಳು. ಬೀಗರು ದಡಬಡಿಸಿ ಎದ್ದರು. ಚಡಪಡಿಸುತ್ತಿದ್ದ ಮುದುಕರು ಬೂಟಿಗೆ ಒಂದು ಕಾಲನ್ನು ತೂರಿಸಿಯೂ ಆಗಿತ್ತು.

"ನನ್ ಮಗೂ, ಹೋದ್ ಮನೇಲಿ ನಿನ್ ಒಲೆ ಆರದೇ ಇರ್ಲಿ" ಎಂದಿತು ಗೋಡೆ.

ನಕ್ಷೆಗಳ ಕೋಣೆಯಲ್ಲಿ ಮೇಲಿಂದ ಮೇಲೆ ಕೇಳಿ ಪರೀಕ್ಷಿಸಲೆಂದು ವಿಡಿಯೋ ಮುಗಿದ ಮೇಲೆ ಮತ್ತೆ ಮೊದಲಾಗುವಂತೆ ಒತ್ತಿದ್ದ ಗುರುತನ್ನು ಬುರುಲ್ ತೆಗೆದೇ ಇರಲಿಲ್ಲ. ನಿಂತವರು ನಿಂತಲ್ಲೇ ಅಂಗೈ ತೆರೆದರು. ಬೀಗರ ಮುದುಕರು ಒಂಟಿ ಬೂಟಿನಲ್ಲಿ ತೂಗಾಡುತ್ತ ತೆರೆದರು. ಆಯ್ಜಿರೆಕ್ ಹೊಸ್ತಿಲ ಮೇಲೆ ತಿರುಗಿ ನಿಂತಳು, ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು.

"ಅತ್ತಿಗೆ, ನಿಲ್ಸಿ, ಕತ್ಲಾಗತ್ತೆ ಅವ್ರಿಗೆ" ಎಂದು ಮೆಲಿಸ್ ಪಿಸುಗುಟ್ಟಿದ. ಬುರುಲಳ ಬೆರಳು ಗುಂಡಿಯ ಕಡೆ ಹೋಯಿತು. ಒತ್ತುವ ಮುನ್ನ ಅವಳು ಮಾವನ ಕಡೆ ನೋಡಿದಳು. ಈ ಸಲ ಅವರ ಕಣ್ಣು ತೆರೆದಿತ್ತು. ಹೊಸ್ತಿಲ ಮೇಲಿನ ಮೊಮ್ಮಗಳನ್ನೇ ನೋಡುತ್ತ, ಗೋಡೆಯ ದನಿಗೆ ಸರಿಯಾಗಿ ತುಟಿ ಆಡಿಸುತ್ತ, ಒಂದೊಂದು ಮಾತನ್ನೂ ತಾವೇ ಆಡುತ್ತಿದ್ದರು. ಕಿವಿಯ ಮಾತಿಗೆ ಸಭೆ ಗೊಳ್ಳೆಂದಾಗ ಅವರ ಭುಜಗಳೂ ಸದ್ದಿಲ್ಲದೆ ಕುಲುಕಿದವು.

ಬುರುಲ್ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲರಂತೆ ಅಂಗೈ ತೆರೆದು ನಿಂತಳು.